ಹಲ್ಲು ಬೆಳ್ಳಗಾಗಬೇಕಾ? ಮೊದಲು ಆ ತಿಕ್ಕೋದು ನಿಲ್ಲಿಸು

ಮಗಳೇ, ನಿನ್ನ ಮದುವೆಗೆ ಇನ್ನೂ ಮೂರು ತಿಂಗಳಿದೆ. ಹಲ್ಲು ಒಂದಿಷ್ಟು ಬೆಳ್ಳಗೆ ಮಾಡಿಕೊಳ್ಳೋಕೆ ಅಷ್ಟು ಕಾಲ ಧಾರಾಳ. ಹಾಳು ಮಾಡಿಕೊಳ್ಳೋಕೆ ಅಷ್ಟೂ ಬೇಕಾಗಿಲ್ಲ. ಫೋನಿನಲ್ಲಿ ಯಾರೋ ತೋರಿಸಿದರು ಅಂತ ನಿಂಬೆರಸಕ್ಕೆ ಅಡುಗೆ ಸೋಡಾ ಕಲಸಿಕೊಂಡು ದಿನಾ ಬೆಳಗ್ಗೆ ಉಜ್ಜುತ್ತಿದ್ದೀಯಂತೆ, ನಿಮ್ಮಮ್ಮ ಹೇಳಿದಳು. ಅದಕ್ಕೇ ಈ ದೊಡ್ಡಮ್ಮನ ನಾಲ್ಕು ಮಾತು. ಬಯ್ಯೋಕಲ್ಲ. ಮದುವೆ ಫೋಟೋದಲ್ಲಿ ಬಾಯಿ ತುಂಬ ನಗಬೇಕು ಅನ್ನೋದು ಯಾವ ಹುಡುಗಿಗೂ ಇರೋ ಆಸೆಯೇ. ನಮ್ಮ ಕಾಲದಲ್ಲಿ ಇಂಥವೆಲ್ಲ ಇರಲಿಲ್ಲ ಅನ್ನೋರ ಮಾತು ನಂಬಬೇಡ. ನಮಗೂ ಇತ್ತು, ಫೋಟೋ ಕಪ್ಪುಬಿಳುಪಾಗಿದ್ದರಿಂದ ಬಚಾವಾದೆವು ಅಷ್ಟೇ.

ನಾನು ಹಲ್ಲಿನ ಡಾಕ್ಟರಲ್ಲ. ಆದರೆ ಆರೋಗ್ಯ ಇಲಾಖೆಯ ಚೀಲ ಹೆಗಲಿಗೆ ಹಾಕಿಕೊಂಡು ಭೇರ್ಯ, ಸಾಲಿಗ್ರಾಮ, ಮಿರ್ಲೆ ಕಡೆ ಊರೂರು ಸುತ್ತಿದವಳು. ಬಸುರಿ ಬಾಣಂತಿಯರನ್ನು ನೋಡೋಕೆ ಹೋದಾಗ ಬಾಯೂ ಕಣ್ಣಿಗೆ ಬೀಳುತ್ತೆ. ಏನೇನು ಹಾಕಿ ತಿಕ್ಕುತ್ತಾರೆ, ತಿಕ್ಕಿ ಏನಾಗಿದೆ ಅನ್ನೋದನ್ನ ಸಾಕಷ್ಟು ನೋಡಿದ್ದೀನಿ. ಡಾಕ್ಟರ ಹತ್ತಿರ ಹೋಗದೆ ಮನೆಯಲ್ಲೇ ಹಲ್ಲು ಬಿಳಿ ಮಾಡಿಕೊಳ್ಳೋದೇ ತಪ್ಪು ಅಂತ ನಾನು ಹೇಳಲ್ಲ. ಮನೆಯಲ್ಲಿ ಮಾಡಿಕೊಳ್ಳೋ ದಾರಿ ಇದೆ, ಅದು ಒಳ್ಳೇ ದಾರಿಯೇ. ಆದರೆ ಅದರ ಮೊದಲ ಹೆಜ್ಜೆ ನಿನ್ನ ಬಚ್ಚಲುಮನೆಯಲ್ಲಿ ಇಡೋದಲ್ಲ. ನಿನ್ನ ಹಲ್ಲಿನ ಹಳದಿ ಎಲ್ಲಿಂದ ಬಂದಿದೆ ಅಂತ ತಿಳಿದವರೊಬ್ಬರು ಬಾಯಿ ತೆಗೆಸಿ ನೋಡಿ ಹೇಳಬೇಕು. ಅದೊಂದು ಗೊತ್ತಾಗದೆ ಏನು ಹಚ್ಚಿದರೂ ಕತ್ತಲಲ್ಲಿ ಕಲ್ಲು ಹೊಡೆದಂಗೆ.

ಯಾಕೆ ಅಂತ ಕೇಳು. ಹಲ್ಲಿನ ಮೇಲ್ಪದರಕ್ಕೆ ಎನಾಮೆಲ್ ಅಂತಾರೆ. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ, ಮೂಳೆಯೂ ಅದಕ್ಕೆ ಸಮ ಅಲ್ಲ. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಬರೀ ಖನಿಜ. ಹಾಗಂತ ಬಹಳ ದಪ್ಪ ಏನಲ್ಲ. ಅತಿ ದಪ್ಪ ಇರೋ ಕಡೆ ಎರಡೂವರೆ ಮಿಲಿಮೀಟರ್, ವಸಡಿನ ಹತ್ತಿರ ಬರುತ್ತಾ ಬರುತ್ತಾ ತೀರ ತೆಳು. ಇದಕ್ಕೆ ಸ್ವಂತ ಬಣ್ಣ ಅಂತ ಹೆಚ್ಚೇನಿಲ್ಲ, ಅರೆಪಾರದರ್ಶಕ. ಅದರ ಕೆಳಗಿರೋದು ಡೆಂಟಿನ್ ಅನ್ನೋ ಪದರ, ಅದು ಹುಟ್ಟಾ ತಿಳಿಹಳದಿ. ನೀನು ಕನ್ನಡಿಯಲ್ಲಿ ನೋಡಿ ಕೊರಗೋ ಹಳದಿಯಲ್ಲಿ ಬಹುಪಾಲು ಕೊಳೆ ಅಲ್ಲ, ಒಳಗಿನ ಆ ಡೆಂಟಿನ್ ಹೊರಗೆ ಕಾಣ್ತಿರೋದು. ಈಗ ನೀನೇ ಲೆಕ್ಕ ಹಾಕು. ಗಟ್ಟಿಯಾಗಿ ಉಜ್ಜಿ ಉಜ್ಜಿ ಮೇಲಿನ ಪದರ ತೆಳುವಾದರೆ ಹಲ್ಲು ಬೆಳ್ಳಗಾಗುತ್ತೋ, ಇನ್ನಷ್ಟು ಹಳದಿ ಆಗುತ್ತೋ? ಉಗುರು ಕತ್ತರಿಸಿದರೆ ಬೆಳೆಯುತ್ತೆ, ಮೂಳೆ ಮುರಿದರೆ ಕೂಡುತ್ತೆ, ಎನಾಮೆಲ್ ಮಾತ್ರ ಹೋದರೆ ಹೋಯಿತು. ಅದನ್ನು ಕಟ್ಟುವ ಜೀವಕೋಶಗಳು ಹಲ್ಲು ವಸಡಿನಿಂದ ಹೊರಗೆ ಬರೋ ಹೊತ್ತಿಗೇ ಸತ್ತುಹೋಗಿರುತ್ತವೆ. ದೇವರು ಒಂದೇ ಸಲ ಕೊಡೋ ಪದರ ಅದು.

ನಿಂಬೆಹಣ್ಣಿನ ವಿಷಯಕ್ಕೆ ಬರ್ತೀನಿ. ಹಚ್ಚಿದ ದಿನ ಹಲ್ಲು ಫಳಫಳ ಅನ್ನುತ್ತೆ, ನಿಜ. ತಾಮ್ರದ ಚೊಂಬನ್ನು ಹುಣಸೆಹಣ್ಣಲ್ಲಿ ತಿಕ್ಕಿದಾಗ ಹೊಳೆಯೋದೂ ಅದೇ ಕಾರಣಕ್ಕೆ: ಹುಳಿ ಮೇಲಿನ ಪದರವನ್ನ ಕರಗಿಸಿ ತೆಗೆದುಬಿಡುತ್ತೆ. ಚೊಂಬಿಗೆ ಅದರಿಂದ ದೊಡ್ಡ ನಷ್ಟ ಇಲ್ಲ, ನಿನ್ನ ಮೊಮ್ಮಕ್ಕಳ ಕಾಲಕ್ಕೂ ಇರುತ್ತೆ. ಹಲ್ಲಿಗೆ ನಷ್ಟ. ಹುಳಿ ಅಳೆಯೋದು ಪಿಎಚ್ ಅನ್ನೋ ಅಂಕಿಯಲ್ಲಿ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು. ಬಾಯೊಳಗೆ ಅದು 5.5ಕ್ಕಿಂತ ಕೆಳಗಿಳಿದರೆ ಎನಾಮೆಲಿನ ಖನಿಜ ಕರಗೋಕೆ ಶುರು. ನಿಂಬೆರಸ ಇರೋದು ಎರಡು ಎರಡೂವರೆಯ ಹತ್ತಿರ. ಕರಗಿ ಮೆತ್ತಗಾದ ಮೇಲ್ಮೈ ಮೇಲೆ ಆಗಲೇ ಬ್ರಷ್ ಎಳೆದರೆ ಕೆತ್ತಿದ ಹಾಗೆಯೇ. ಒಂದೆರಡು ತಿಂಗಳು ಹೀಗೇ ಮುಂದುವರಿಸಿದರೆ ತಣ್ಣೀರು ಕುಡಿದಾಗ, ಐಸ್‌ಕ್ರೀಂ ತಿಂದಾಗ ಹಲ್ಲು ಜುಂ ಅನ್ನೋಕೆ ಶುರುವಾಗುತ್ತೆ. ಆಮೇಲೆ ಫೋನಿನಲ್ಲಿ ತೋರಿಸಿದವರು ಬಂದು ನೋಡಿಕೊಳ್ಳಲ್ಲ.

ಸೋಡಾ ಪಾಪದ್ದು. ಅದು ಎನಾಮೆಲಿಗಿಂತ ಮೆತ್ತಗಿನ ಹರಳು, ಬಾಯಲ್ಲಿ ಕರಗಿಹೋಗುತ್ತೆ. ಟೀ ಕಾಫಿಯ ಮೇಲ್ಮೇಲಿನ ಕಲೆಯನ್ನ ಸ್ವಲ್ಪ ಮಟ್ಟಿಗೆ ತೆಗೆಯುತ್ತೆ, ಅದಕ್ಕೇ ಕೆಲವು ಪೇಸ್ಟಿನಲ್ಲೂ ಹಾಕ್ತಾರೆ. ಆದರೆ ನಿಂಬೆಯ ಜೊತೆ ಕಲಸಿದರೆ ಬುಸ್ ಅಂತ ನೊರೆ ಬರುತ್ತಲ್ಲ, ಆ ನೊರೆ ನೋಡಿ ಏನೋ ಕೆಲಸ ಆಗ್ತಿದೆ ಅಂತ ಜನ ನಂಬ್ತಾರೆ. ಅಲ್ಲಿ ಆಗ್ತಿರೋದು ಇಷ್ಟೇ: ಹುಳಿ ಸೋಡಾವನ್ನ ತಿಂತು, ಸೋಡಾ ಹುಳಿಯನ್ನ ತಿಂತು. ನಿಂಬೆ ಜಾಸ್ತಿ ಆಗಿದ್ದರೆ ಉಳಿಯೋದು ಹುಳಿಯೇ. ಸ್ಟ್ರಾಬೆರಿಗೆ ಸೋಡಾ ಕಲಸಿ ಉಜ್ಜಿದರೆ ಹಲ್ಲು ಬಿಳಿ ಆಗುತ್ತೆ ಅನ್ನೋ ಮಾತು ಅಮೆರಿಕದಲ್ಲಿ ಬಹಳ ಹಬ್ಬಿದಾಗ, ಅಯೋವಾ ವಿಶ್ವವಿದ್ಯಾಲಯದವರು ಅದನ್ನ ಪರೀಕ್ಷೆ ಮಾಡಿ 2014ರಲ್ಲಿ ಹೇಳಿದರು, ಬಿಳಿ ಮಾಡೋ ಶಕ್ತಿ ಅದಕ್ಕಿಲ್ಲ ಅಂತ. ನಮ್ಮ ನಿಂಬೆ, ಕಿತ್ತಳೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಗಳ ಕಥೆಯೂ ಅದರಾಚೆಗೇನಿಲ್ಲ. ಬಾಳೆ ಸಿಪ್ಪೆ ಹಸುವಿಗೆ ಹಾಕು, ಹಾಲಾದರೂ ಕೊಡುತ್ತೆ.

ಕೊಬ್ಬರಿ ಎಣ್ಣೆ ಬಾಯಲ್ಲಿ ಹಾಕಿ ಮುಕ್ಕಳಿಸೋದರಿಂದ ಕೆಡುಕೇನೂ ಆಗಲ್ಲ, ಬಣ್ಣವೂ ಬದಲಾಗಲ್ಲ. ಮಾಡೋದಾದರೆ ಮಾಡು, ಆದರೆ ಅದನ್ನೇ ನಂಬಿಕೊಂಡು ಬ್ರಷ್ ಬಿಡಬೇಡ.

ಇದ್ದಿಲಿನದ್ದು ಸ್ವಲ್ಪ ಉದ್ದದ ಮಾತು, ಯಾಕೆಂದರೆ ಇದು ನಮ್ಮ ಸೀಮೆಯದ್ದೇ ವಿದ್ಯೆ. ಕೆ.ಆರ್. ನಗರ ಅಂದರೆ ಭತ್ತದ ಕಣಜ. ಕಣ್ಣು ಹಾಯಿಸಿದ ಕಡೆ ರೈಸ್‌ಮಿಲ್ಲು, ಮಿಲ್ಲಿನ ಹಿಂದೆ ಹೊಟ್ಟಿನ ರಾಶಿ. ಹೊಟ್ಟು ಸುಟ್ಟ ಕರಿ, ಒಲೆಯ ಇದ್ದಿಲು, ಇಟ್ಟಿಗೆ ಪುಡಿ, ಮೇಲೊಂದು ಚಿಟಿಕೆ ಉಪ್ಪು, ಇದರಲ್ಲಿ ಹಲ್ಲುಜ್ಜಿಯೇ ನಮ್ಮ ಹಿಂದಿನ ತಲೆಮಾರು ಬದುಕಿದ್ದು. ಆದರೆ ಭತ್ತದ ಹೊಟ್ಟಿನ ಬೂದಿಯಲ್ಲಿ ಬಹುಪಾಲು ಸಿಲಿಕಾ, ಅಂದರೆ ಮರಳಿನಲ್ಲಿರೋ ಅದೇ ವಸ್ತು. ಗಟ್ಟಿತನ ಅಳೆಯೋಕೆ ಮೋಸ್ ಅಂತ ಒಂದು ಅಳತೆಗೋಲಿದೆ. ಅದರಲ್ಲಿ ಎನಾಮೆಲಿಗೆ 5, ಮರಳಿನ ಹರಳಿಗೆ 7. ಯಾವುದು ಯಾವುದನ್ನ ಗೀರುತ್ತೆ ಅಂತ ಬಿಡಿಸಿ ಹೇಳಬೇಕಾ? ಇಟ್ಟಿಗೆ ಪುಡಿಯೂ ಹಾಗೇ, ಅದರ ತುಂಬ ಮರಳೇ.

ಹಾಗಾದರೆ ಅಜ್ಜಂದಿರ ಹಲ್ಲು ಎಪ್ಪತ್ತಾದರೂ ಕಬ್ಬು ಸಿಗಿಯೋ ಹಾಗಿತ್ತಲ್ಲ ಅಂತ ನೀನು ಕೇಳ್ತೀಯ, ಎಲ್ಲರೂ ಕೇಳ್ತಾರೆ. ಆ ಗಟ್ಟಿತನಕ್ಕೆ ಕಾರಣ ಇದ್ದಿಲಲ್ಲ, ಬಿಸ್ಕತ್ತು ಚಾಕೊಲೇಟು ಇಲ್ಲದ ಊಟ. ದಿನಕ್ಕೆ ಆರು ಸಲ ಸಕ್ಕರೆ ಟೀ ಕುಡಿಯೋ ಚಾಳಿ ಆಗ ಇರಲಿಲ್ಲ. ಇನ್ನೊಂದು, ಅಂಥ ಅಜ್ಜಂದಿರ ಬಾಯನ್ನ ಹತ್ತಿರದಿಂದ ನೋಡಿದ್ದೀಯಾ? ಹಲ್ಲು ಇರುತ್ತೆ, ಸವೆದು ಚಪ್ಪಟೆಯಾಗಿರುತ್ತೆ, ಅಡಿಕೆ ಹಳದಿಗಿಂತ ಹಳದಿ. ಗಟ್ಟಿ ಹಲ್ಲಿದ್ದವರನ್ನ ಊರು ನೆನಪಿಟ್ಟುಕೊಳ್ಳುತ್ತೆ. ನಲವತ್ತಕ್ಕೇ ಬೊಚ್ಚುಬಾಯಾದವರನ್ನ ಯಾರೂ ಲೆಕ್ಕಕ್ಕಿಡಲ್ಲ.

ಇಷ್ಟು ಹೇಳಿದೆ ಅಂತ ಹಳೆಯದನ್ನೆಲ್ಲ ನಾನು ತೆಗೆದುಹಾಕ್ತಿಲ್ಲ. ಬೇವಿನ ಕಡ್ಡಿ, ಹೊಂಗೆ ಕಡ್ಡಿ ಜಗಿದು ಮೆತ್ತಗೆ ಕುಂಚ ಮಾಡಿಕೊಂಡು ಉಜ್ಜೋದು ಒಳ್ಳೇ ಅಭ್ಯಾಸ, ಬಿಳಿ ಮಾಡಲ್ಲ ಅಷ್ಟೇ. ನಂಜನಗೂಡು ಹಲ್ಲುಪುಡಿ ಅಂದರೆ ನಮ್ಮ ಮೈಸೂರು ಸೀಮೆಯವರಿಗೆ ಇವತ್ತಿಗೂ ಒಂದು ಪ್ರೀತಿ. ಬಿ.ವಿ. ಪಂಡಿತರು 1913ರಲ್ಲಿ ನಂಜನಗೂಡಿನಲ್ಲಿ ಸದ್ವೈದ್ಯಶಾಲೆ ಶುರುಮಾಡಿದರು. ಪೇಸ್ಟು ಬ್ರಷ್ಷು ಹಳ್ಳಿಗೆ ಬರೋಕೆ ಮುಂಚೆ ಆ ಗುಲಾಬಿ ಬಣ್ಣದ ಪುಡಿಯ ಪೊಟ್ಟಣ ಇಲ್ಲದ ಮನೆ ಕಡಿಮೆ. ಅದನ್ನ ಜನ ಬೆರಳಿನಲ್ಲಿ ಹಚ್ಚಿ ತಿಕ್ಕುತ್ತಿದ್ದರು. ಯಾವ ಪುಡಿಯೇ ಆಗಲಿ, ಬೆರಳಿನಲ್ಲಿ ಮೆಲ್ಲಗೆ ಸವರೋದಕ್ಕೂ ಗಟ್ಟಿ ಬ್ರಷ್ಷಿನ ಮೇಲೆ ಸುರಿದುಕೊಂಡು ಗರಗರ ತಿಕ್ಕೋದಕ್ಕೂ ಬಹಳ ವ್ಯತ್ಯಾಸ ಇದೆ. ಹಲ್ಲುಪುಡಿಗೆ ಹೊಗೆಸೊಪ್ಪು ಬೆರೆಸಿ ಮಾರೋ ಚಾಳಿಯೂ ನಮ್ಮ ದೇಶದಲ್ಲಿತ್ತು. ಕೇಂದ್ರ ಸರ್ಕಾರ ಅದನ್ನ 1992ರಲ್ಲಿ ನಿಷೇಧ ಮಾಡಿತು. ಆದರೂ ನಶ್ಯದಲ್ಲಿ ಹಲ್ಲು ತಿಕ್ಕೋ ಮುದುಕಮ್ಮಂದಿರು ಇನ್ನೂ ಇದ್ದಾರೆ. ಅದು ಹಲ್ಲುಜ್ಜೋದಲ್ಲ, ಚಟ.

ಈಗ ಅದೇ ಇದ್ದಿಲು ಕಪ್ಪು ಪೇಸ್ಟಾಗಿ ಟ್ಯೂಬಿನಲ್ಲಿ ಬಂದಿದೆ. ಅಜ್ಜಿ ಒಲೆಯಿಂದ ತೆಗೆದಾಗ ಹಳ್ಳಿ ಗುಗ್ಗು, ಟ್ಯೂಬಿನಲ್ಲಿ ಬಂದಾಗ ಫ್ಯಾಷನ್ನು! ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಇದ್ದಿಲು ಪೇಸ್ಟುಗಳ ಬಗ್ಗೆ ಬಂದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ತೂಗಿ ನೋಡಿದರು. ಬಿಳಿ ಮಾಡುತ್ತೆ ಅನ್ನೋಕಾಗಲಿ, ಸುರಕ್ಷಿತ ಅನ್ನೋಕಾಗಲಿ ಸಾಕಷ್ಟು ಆಧಾರ ಸಿಕ್ಕಲಿಲ್ಲ. ಅದರ ಮೇಲೆ ಆ ಕಪ್ಪು ಪುಡಿ ವಸಡಿನ ಸಂದಿಯಲ್ಲಿ, ಹುಳುಕಿಗೆ ತುಂಬಿಸಿದ ಹಳೇ ಸಿಮೆಂಟಿನ ಅಂಚಿನಲ್ಲಿ ಸೇರಿಕೊಂಡರೆ ತೊಳೆದರೂ ಬರಲ್ಲ. ಬೆಳ್ಳಗೆ ಮಾಡೋಕೆ ಹೋಗಿ ಕಪ್ಪು ಗೆರೆ ಎಳೆದುಕೊಂಡ ಹಾಗಾಗುತ್ತೆ.

ಸರಿ, ಏನು ಮಾಡಬಾರದು ಅಂತ ಇಷ್ಟು ಹೇಳಿದೆನಲ್ಲ, ಈಗ ಬಣ್ಣದ ಮೂಲಕ್ಕೆ ಬಾ. ಹಲ್ಲಿನ ಮೇಲೆ ಕೂತ ಬಣ್ಣ ಒಂದು, ಹಲ್ಲಿನ ಒಳಗೇ ಸೇರಿದ ಬಣ್ಣ ಇನ್ನೊಂದು.

ಮೇಲೆ ಕೂರೋದಕ್ಕೆ ಟೀ, ಕಾಫಿ, ಎಲೆ ಅಡಿಕೆ, ಬೀಡಿ, ಇವು ಎಲ್ಲರಿಗೂ ಗೊತ್ತಿರೋ ಕಾರಣ. ಗೊತ್ತಿಲ್ಲದ್ದು ಎರಡಿವೆ. ರಕ್ತ ಕಡಿಮೆ ಅಂತ ಕುಡಿಯೋ ಕಬ್ಬಿಣದ ಟಾನಿಕ್ಕು ಹಲ್ಲನ್ನ ಕಪ್ಪು ಮಾಡುತ್ತೆ. ಟಾನಿಕ್ಕನ್ನ ಬಿಡಬೇಡ, ಸ್ಟ್ರಾ ಇಟ್ಟು ಕುಡಿದು ಬಾಯಿ ಮುಕ್ಕಳಿಸು, ಇಲ್ಲವೇ ಡಾಕ್ಟರನ್ನ ಕೇಳಿ ಮಾತ್ರೆಗೆ ಬದಲಾಯಿಸಿಕೋ. ಇನ್ನೊಂದು, ವಸಡು ನೋವಿಗೆ ಅಂತ ಮೆಡಿಕಲ್ ಸ್ಟೋರಿನಲ್ಲಿ ಕೊಡೋ ಕ್ಲೋರ್‌ಹೆಕ್ಸಿಡಿನ್ ಇರೋ ಮುಕ್ಕಳಿಸೋ ಔಷಧಿ. ಹೇಳಿದಷ್ಟು ದಿನ ಬಳಸಿ ಬಿಟ್ಟರೆ ಒಳ್ಳೇದೇ, ಆದರೆ ತಿಂಗಳುಗಟ್ಟಲೆ ಬಳಸಿದರೆ ಹಲ್ಲೆಲ್ಲ ಕಂದು. ಇವುಗಳ ಜೊತೆ ಪಾಚಿ. ಎಂಜಲಿನ ಸುಣ್ಣದಂಶ ಸೇರಿ ಪಾಚಿ ಗಟ್ಟಿಯಾಗಿ ಗಾರೆ ಕಟ್ಟಿದ ಮೇಲೆ ಯಾವ ಬ್ರಷ್ಷಿಗೂ ಬಗ್ಗಲ್ಲ. ಕೆಳಗಿನ ಮುಂದಿನ ಹಲ್ಲುಗಳ ಹಿಂಭಾಗಕ್ಕೆ ನಾಲಿಗೆ ಆಡಿಸಿ ನೋಡು, ಒರಟೊರಟಾಗಿ ಸಿಕ್ಕರೆ ಅದೇ.

ಇದಕ್ಕೆಲ್ಲ ಔಷಧಿ ಒಂದೇ, ಹಲ್ಲು ಕ್ಲೀನ್ ಮಾಡಿಸೋದು. ಡಾಕ್ಟರು ಸ್ಕೇಲಿಂಗ್ ಅಂತಾರೆ. ಸಣ್ಣಗೆ ನಡುಗೋ ಮೊನೆಯಿಂದ ಗಾರೆಯನ್ನ ಉದುರಿಸಿ, ಮೇಲೆ ಪಾಲಿಶ್ ಮಾಡ್ತಾರೆ. ಬಿಳಿ ಮಾಡಿಸಬೇಕು ಅಂತ ಬಂದವರಲ್ಲಿ ಎಷ್ಟೋ ಜನ ಇಷ್ಟಕ್ಕೇ ಸಾಕು ಅಂತ ಖುಷಿಯಾಗಿ ಮನೆಗೆ ಹೋಗ್ತಾರೆ, ಯಾಕೆಂದರೆ ಅವರ ಹಲ್ಲಿನ ಸಹಜ ಬಣ್ಣವನ್ನ ಅವರು ವರ್ಷಗಳಿಂದ ನೋಡಿಯೇ ಇರಲ್ಲ. ಕ್ಲೀನ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತೆ ಅಂತ ನಿಮ್ಮಮ್ಮ ಹೆದರಿಸಿರ್ತಾಳೆ. ಸಡಿಲ ಮೊದಲೇ ಆಗಿರುತ್ತೆ, ಗಾರೆ ಹಿಡಿದು ನಿಲ್ಲಿಸಿರುತ್ತೆ, ಅದು ಹೋದಾಗ ಗೊತ್ತಾಗುತ್ತೆ ಅಷ್ಟೇ. ಗಾರೆ ಹೆಚ್ಚಾದಷ್ಟೂ ವಸಡು ಕೆಳಗಿಳಿಯುತ್ತೆ, ಹಲ್ಲು ನಿಜವಾಗಲೂ ಉದುರೋದು ಆಗ. ಒಂದೆರಡು ದಿನ ಜುಂ ಅನ್ನಬಹುದು, ಗಾಬರಿ ಬೇಡ.

ಒಳಗೆ ಸೇರಿದ ಬಣ್ಣದ ಮಾತು ಬೇರೆ. ಪಾವಗಡ, ಮುಂಡರಗಿ ಕಡೆಯ ಹುಡುಗರ ಹಲ್ಲು ನೋಡಿದ್ದರೆ ಗೊತ್ತಾಗುತ್ತೆ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಸುಣ್ಣದಂಥ ಪಟ್ಟೆ, ಕಂದು ಮಚ್ಚೆ. ನಮ್ಮ ದೇಶದ ಮಾನದಂಡದ ಪ್ರಕಾರ ಕುಡಿಯೋ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಸರಿ, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಸಹಿಸಬಹುದು. ಅದರಾಚೆ ಹೋದರೆ, ಎಂಟು ವರ್ಷದೊಳಗೆ ವಸಡಿನೊಳಗೆ ಹಲ್ಲು ಬೆಳೀತಿರುವಾಗಲೇ ಈ ಕಲೆ ಕೂತುಬಿಡುತ್ತೆ. ಅಂಥ ಮಗುವನ್ನ ಕೊಳಕು ಅಂತ ಬಯ್ದು ಉಜ್ಜಿಸೋ ತಾಯಂದಿರನ್ನ ಕಂಡರೆ ನನಗೆ ಸಂಕಟ. ಅದು ಉಜ್ಜಿದರೆ ಹೋಗೋದಲ್ಲ, ಮಗುವಿನ ತಪ್ಪೂ ಅಲ್ಲ. ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಅನ್ನೋ ಮಾತ್ರೆ ತಿಂದವರಿಗೂ ಹೀಗೇ ಬೂದು ಪಟ್ಟೆ ಬರುತ್ತೆ. ವಯಸ್ಸಾದ ಮೇಲೆ ಡೆಂಟಿನ್ ದಪ್ಪವಾಗಿ ಹಲ್ಲು ಹಳದಿ ಆಗೋದು ಎಲ್ಲರಿಗೂ ಇದ್ದದ್ದೇ.

ಇನ್ನು ಒಂದೇ ಒಂದು ಹಲ್ಲು ಕಪ್ಪಗೆ, ಬೂದಿ ಬಣ್ಣಕ್ಕೆ ತಿರುಗಿದ್ದರೆ ಹುಷಾರಾಗು. ಸೈಕಲ್ಲಿನಿಂದ ಬಿದ್ದೋ, ಚೆಂಡು ತಗುಲಿಯೋ ಒಳಗಿನ ನರ ಸತ್ತಿರಬಹುದು. ಅದಕ್ಕೆ ಬೇರಿನ ಚಿಕಿತ್ಸೆ ಮಾಡಿ, ಬೇಕಿದ್ದರೆ ಒಳಗಿಂದಲೇ ಬಿಳಿ ಮಾಡ್ತಾರೆ. ನೋವಿಲ್ಲ ಅಂತ ಬಿಟ್ಟರೆ ಬುಡದಲ್ಲಿ ಕೀವು ಕಟ್ಟೋದು ಗೊತ್ತೇ ಆಗಲ್ಲ.

ಹಲ್ಲು ಕ್ಲೀನ್ ಮಾಡಿಸಿದ ಮೇಲೂ ಬಣ್ಣ ಸಾಲದು ಅನ್ನಿಸಿದರೆ ಆಗ ಮನೆಯಲ್ಲಿ ಬಿಳಿ ಮಾಡಿಕೊಳ್ಳೋ ಮಾತು ಎತ್ತು. ಅದರ ಕಥೆ ಸ್ವಾರಸ್ಯವಾಗಿದೆ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಅರ್ಕನ್ಸಾ ರಾಜ್ಯದಲ್ಲಿ ಬಿಲ್ ಕ್ಲುಸ್ಮಿಯರ್ ಅಂತ ಒಬ್ಬ ವಕ್ರದಂತ ಸರಿಮಾಡೋ ಡಾಕ್ಟರು, ವಸಡು ಊದಿದವರಿಗೆ ಕಾರ್ಬಮೈಡ್ ಪೆರಾಕ್ಸೈಡ್ ಅನ್ನೋ ನಂಜುನಿವಾರಕವನ್ನ ಹಲ್ಲಿನ ಅಚ್ಚಿಗೆ ಹಾಕಿ ರಾತ್ರಿ ಇಟ್ಟುಕೊಳ್ಳೋಕೆ ಹೇಳಿದರು. ವಸಡು ವಾಸಿಯಾಯಿತು, ಜೊತೆಗೆ ಹಲ್ಲೂ ಬೆಳ್ಳಗಾಗಿತ್ತು! ವಸಡಿನ ಔಷಧಿ ಹೀಗೆ ಹಲ್ಲಿನ ಔಷಧಿ ಆಯಿತು. 1989ರಲ್ಲಿ ಹೇವುಡ್ ಮತ್ತು ಹೇಮನ್ ಅನ್ನೋ ಇಬ್ಬರು ಇದನ್ನ ಕ್ರಮವಾಗಿ ಬರೆದು ಪ್ರಕಟಿಸಿದ ಮೇಲೆ ಲೋಕಕ್ಕೆಲ್ಲ ಹರಡಿತು. ಅಂದರೆ ಮನೆಯಲ್ಲಿ ಬಿಳಿ ಮಾಡಿಕೊಳ್ಳೋ ವಿದ್ಯೆ ಹುಟ್ಟಿದ್ದೇ ಡಾಕ್ಟರ ಕೋಣೆಯಲ್ಲಿ.

ಇವತ್ತಿಗೂ ಆ ಕ್ರಮವೇ. ಡಾಕ್ಟರು ನಿನ್ನ ಹಲ್ಲಿನ ಅಚ್ಚು ತೆಗೆದು ತೆಳ್ಳನೆಯ ಒಂದು ಟ್ರೇ ಮಾಡಿಕೊಡ್ತಾರೆ. ಅದರೊಳಗೆ ಹಲ್ಲಿಗೊಂದು ಸಣ್ಣ ಹನಿಯಂತೆ ಆ ಔಷಧಿಯ ಜೆಲ್ ಹಾಕಿ ರಾತ್ರಿ ಮಲಗೋವಾಗ ಇಟ್ಟುಕೊಳ್ಳೋದು, ಸಾಮಾನ್ಯವಾಗಿ ಎರಡು ವಾರದ ಆಸುಪಾಸು. ನೂರಕ್ಕೆ 10 ಪಾಲಿನ ಕಾರ್ಬಮೈಡ್ ಪೆರಾಕ್ಸೈಡ್ ಒಡೆದಾಗ ಸಿಗೋದು ಸುಮಾರು ಮೂರೂವರೆ ಪಾಲು ಹೈಡ್ರೋಜನ್ ಪೆರಾಕ್ಸೈಡ್. ಅದು ಎನಾಮೆಲನ್ನ ಕೆತ್ತಲ್ಲ, ಅದರ ಮೂಲಕ ಒಳಗಿಳಿದು ಬಣ್ಣದ ಕಣಗಳನ್ನ ಒಡೆಯುತ್ತೆ. ತಿಕ್ಕೋದಕ್ಕೂ ಇದಕ್ಕೂ ಇರೋ ಅಂತರ ಅದೇ. ಟ್ರೇ ನಿನ್ನ ಹಲ್ಲಿನ ಅಳತೆಯದ್ದೇ ಆದ್ದರಿಂದ ಜೆಲ್ ವಸಡಿಗೆ ಸೋರಿ ಸುಡೋದಿಲ್ಲ. ಆನ್‌ಲೈನಿನಲ್ಲಿ ಬರೋ ಕಿಟ್ಟಿನ ಟ್ರೇ ಎಲ್ಲರಿಗೂ ಒಂದೇ ಅಳತೆ. ಅದರ ಜೊತೆ ನೀಲಿ ಲೈಟೊಂದನ್ನ ಕೊಡ್ತಾರಲ್ಲ, ಅದು ನೋಡೋಕೆ ಚೆಂದ, ಕೆಲಸ ಮಾಡೋದು ಜೆಲ್ಲೇ. ಮೆಡಿಕಲ್ ಸ್ಟೋರಿನಲ್ಲಿ ಗಾಯ ತೊಳೆಯೋಕೆ ಕೊಡೋ ಪೆರಾಕ್ಸೈಡ್ ಬಾಟಲಿಯನ್ನಂತೂ ಬಾಯಿಗೆ ತರಲೇಬೇಡ.

ಹೊರದೇಶದವರು ಇದನ್ನ ಎಷ್ಟು ಗಂಭೀರವಾಗಿ ನೋಡ್ತಾರೆ ಅಂದರೆ, ಯುರೋಪಿನ ಒಕ್ಕೂಟದಲ್ಲಿ 2011ರ ನಿಯಮದಂತೆ ನೂರಕ್ಕೆ 0.1 ಪಾಲಿಗಿಂತ ಹೆಚ್ಚು ಹೈಡ್ರೋಜನ್ ಪೆರಾಕ್ಸೈಡ್ ಇರೋದನ್ನ ಅಂಗಡಿಯಲ್ಲಿ ಜನರಿಗೆ ನೇರ ಮಾರೋ ಹಾಗಿಲ್ಲ. 6 ಪಾಲಿನವರೆಗಿನದ್ದನ್ನ ಮೊದಲ ಸಲ ದಂತವೈದ್ಯರ ಕಣ್ಣೆದುರಿಗೇ ಬಳಸಬೇಕು, ಹದಿನೆಂಟು ತುಂಬದವರಿಗೆ ಕೊಡೋ ಹಾಗೇ ಇಲ್ಲ. ಇಂಗ್ಲೆಂಡಿನ ಹೈಕೋರ್ಟು 2013ರಲ್ಲಿ ಹಲ್ಲು ಬಿಳಿ ಮಾಡೋದು ದಂತವೈದ್ಯರ ಕೆಲಸವೇ, ಬೇರೆಯವರು ಮಾಡೋ ಹಾಗಿಲ್ಲ ಅಂತ ತೀರ್ಪು ಕೊಟ್ಟಿದೆ. ನೀನು ಮೇಕಪ್ಪಿಗೆ ಗೊತ್ತುಮಾಡಿರೋ ಪಾರ್ಲರಿನವರು ಹಲ್ಲನ್ನೂ ಸೇರಿಸಿ ಪ್ಯಾಕೇಜು ಕೊಡ್ತೀವಿ ಅಂದರೆ ಕೈ ಮುಗಿದು ಬೇಡ ಅನ್ನು. ಅವರು ಜಡೆ ಚೆನ್ನಾಗಿ ಹಾಕಲಿ ಸಾಕು.

ಈ ಜೆಲ್ಲಿಗೆ ಮುಂಚೆ ಹುಳುಕು ಇದ್ದರೆ ಅದನ್ನ ತುಂಬಿಸಬೇಕು, ಇಲ್ಲದಿದ್ದರೆ ಜೆಲ್ ಒಳಗಿಳಿದು ನೋವಿಗೆ ಪ್ರಾಣ ಹೋಗುತ್ತೆ. ಹಲ್ಲಿನ ಬಣ್ಣದ ಸಿಮೆಂಟು, ಕ್ಯಾಪು ಯಾವ ಜೆಲ್ಲಿಗೂ ಬಿಳಿ ಆಗಲ್ಲ. ಮುಂದಿನ ಹಲ್ಲಿನಲ್ಲಿ ಹಳೇ ಸಿಮೆಂಟಿದ್ದರೆ ಸುತ್ತ ಬೆಳ್ಳಗಾಗಿ ಅದೊಂದೇ ಹಳದಿಯಾಗಿ ಎದ್ದು ಕಾಣುತ್ತೆ. ಹಾಗಾಗಿ ಬಿಳಿ ಮಾಡಿದ ಮೇಲೆ ಒಂದೆರಡು ವಾರ ಬಿಟ್ಟು, ಹೊಸ ಬಣ್ಣಕ್ಕೆ ಹೊಂದೋ ಹಾಗೆ ಸಿಮೆಂಟು ಬದಲಾಯಿಸ್ತಾರೆ. ಬಸುರಿ, ಬಾಣಂತಿಯರು ಇದಕ್ಕೆ ಕೈ ಹಾಕದೆ ಇರೋದು ಒಳ್ಳೇದು. ಕೆಲವರಿಗೆ ನಡುವೆ ಹಲ್ಲು ಜುಂ ಅನ್ನುತ್ತೆ. ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಇಟ್ಟುಕೊಂಡರೆ, ಡಾಕ್ಟರು ಹೇಳೋ ಪೇಸ್ಟು ಬಳಸಿದರೆ ತಗ್ಗುತ್ತೆ, ಮುಗಿದ ಮೇಲೆ ಹೋಗೇಬಿಡುತ್ತೆ. ಈ ಬಿಳುಪು ಶಾಶ್ವತ ಅಲ್ಲ ಅನ್ನೋದೂ ತಲೆಯಲ್ಲಿರಲಿ. ಟೀ ಕಾಫಿ ಕುಡಿಯೋರಿಗೆ ನಿಧಾನಕ್ಕೆ ಹಳೇ ಬಣ್ಣದ ಕಡೆಗೆ ತಿರುಗುತ್ತೆ.

ನಿನ್ನ ಲೆಕ್ಕಕ್ಕೆ ಹೇಳೋದಾದರೆ, ಈ ವಾರವೇ ತೋರಿಸಿ ಕ್ಲೀನ್ ಮಾಡಿಸು, ಹುಳುಕಿದ್ದರೆ ತುಂಬಿಸು. ವಸಡು ಸುಧಾರಿಸಿಕೊಳ್ಳಲಿ. ಜೆಲ್ ಬೇಕು ಅನ್ನಿಸಿದರೆ ಮದುವೆಗೆ ಒಂದೂವರೆ ತಿಂಗಳಿರುವಾಗ ಶುರುಮಾಡಿ, ಚಪ್ಪರ ಹಾಕೋ ಹದಿನೈದು ದಿನ ಮುಂಚೆಯೇ ಮುಗಿಸು. ಕೊನೇ ವಾರಕ್ಕೆ ಯಾವ ಹೊಸ ಪ್ರಯೋಗವೂ ಬೇಡ. ಆ ದಿನಗಳಲ್ಲಿ ಟೀ, ಕಾಫಿ, ಬೀಟ್‌ರೂಟು, ಅರಿಶಿನ ಜಾಸ್ತಿ ಬಿದ್ದ ಸಾರು ಕಡಿಮೆ ಮಾಡು. ಅರಿಶಿನ ಶಾಸ್ತ್ರಕ್ಕೆ ಹೆದರಬೇಡ, ಮುಖಕ್ಕೆ ಹಚ್ಚಿದ್ದು ಹಲ್ಲಿಗೆ ಅಂಟಲ್ಲ. ಮತ್ತೆ, ಫಿಲ್ಮಿನವರ ಹಲ್ಲು ನೋಡಿ ಅಳತೆ ಇಟ್ಟುಕೊಳ್ಳಬೇಡ. ಅವರಲ್ಲಿ ಅರ್ಧ ಜನ ಪಿಂಗಾಣಿ ಅಂಟಿಸಿಕೊಂಡಿರ್ತಾರೆ, ಉಳಿದರ್ಧ ಜನರದ್ದು ಕಂಪ್ಯೂಟರಿನಲ್ಲಿ ಬಿಳಿ ಆಗಿರುತ್ತೆ. ಡಾಕ್ಟರ ಹತ್ತಿರ ಹಲ್ಲಿನ ಬಣ್ಣ ಹೋಲಿಸೋ ಮಾದರಿಗಳ ಸಾಲೊಂದು ಇರುತ್ತೆ, ಅದರಲ್ಲಿ ಹಾಳೆ ಬಿಳಿ ಅನ್ನೋದೇ ಇಲ್ಲ. ನಿನ್ನ ಕಣ್ಣಿನ ಬಿಳಿಗಿಂತ ಹಲ್ಲು ಬೆಳ್ಳಗಿದ್ದರೆ ನೋಡಿದವರಿಗೆ ಕಟ್ಟಿಸಿದ ಹಲ್ಲು ಅನ್ನಿಸುತ್ತೆ.

ದಿನದ ಉಜ್ಜೋದಕ್ಕೆ ಮೆತ್ತನೆ ಬ್ರಷ್ಷು, ಫ್ಲೋರೈಡ್ ಪೇಸ್ಟು, ಬೆಳಗ್ಗೆ ರಾತ್ರಿ ಎರಡೆರಡು ನಿಮಿಷ. ರಾತ್ರಿಯದ್ದನ್ನ ತಪ್ಪಿಸಬೇಡ. ಹುಳಿ ತಿಂದ ತಕ್ಷಣ ಉಜ್ಜಬೇಡ, ನೀರಲ್ಲಿ ಮುಕ್ಕಳಿಸಿ ಅರ್ಧ ಗಂಟೆ ಬಿಡು. ಬ್ರಷ್ಷಿನ ಎಳೆ ಎರಡೇ ವಾರಕ್ಕೆ ಕೆದರಿಕೊಂಡರೆ ನೀನು ಬಟ್ಟೆ ಒಗೆಯೋ ಬಲದಲ್ಲಿ ಹಲ್ಲುಜ್ಜುತ್ತಿದ್ದೀಯ ಅಂತ ಅರ್ಥ.

ಎಲ್ಲಿ ತೋರಿಸೋದು ಅಂತ ಯೋಚನೆ ಬೇಡ. ತಾಲ್ಲೂಕು ಆಸ್ಪತ್ರೆಯಲ್ಲಿ ದಂತ ವಿಭಾಗ ಇರುತ್ತೆ, ಚೀಟಿ ಮಾಡಿಸಿದರೆ ನೋಡ್ತಾರೆ. ಭೇರ್ಯದಲ್ಲಿ ಬಸ್ಸು ಹತ್ತಿದರೆ ಒಂದು ಕಡೆ ಮೈಸೂರು, ಇನ್ನೊಂದು ಕಡೆ ಹಾಸನ. ಮೈಸೂರಿನಲ್ಲಿ ಜೆಎಸ್‌ಎಸ್, ಫಾರೂಕಿಯ ದಂತ ಕಾಲೇಜುಗಳಿವೆ, ಹಾಸನದಲ್ಲಿ ಹಾಸನಾಂಬ ದಂತ ಕಾಲೇಜು. ಕಾಲೇಜು ಆಸ್ಪತ್ರೆ ಅಂದರೆ ಕಲಿಯೋ ಹುಡುಗ ಹುಡುಗಿಯರು ಕೈ ಹಾಕ್ತಾರೆ, ಹಿಂದೆ ಮೇಷ್ಟ್ರು ನಿಂತು ನೋಡ್ತಿರ್ತಾರೆ. ಹೊತ್ತು ಜಾಸ್ತಿ ಹಿಡಿಯುತ್ತೆ, ಖರ್ಚು ಕಡಿಮೆ. ಆ ಹುಡುಗರು ತಾಳ್ಮೆಯಿಂದ ಮಾಡ್ತಾರೆ ಅನ್ನೋದು ನಾನು ಕಂಡ ಮಾತು. ಜೆಲ್ಲಿಗೆ ದುಡ್ಡು ಆಗುತ್ತೆ, ಅದು ಎಷ್ಟು ಅಂತ ಮೊದಲೇ ಬಾಯಿಬಿಟ್ಟು ಕೇಳು.

ಹೋಗೋವಾಗ ಎಲೆ ಅಡಿಕೆ ಹಾಕೋ ನಿಮ್ಮಜ್ಜಿಯನ್ನೂ ಕರೆದುಕೊಂಡು ಹೋಗು. ನಮ್ಮ ಸುತ್ತ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆ ಬ್ಯಾರನ್ನುಗಳಲ್ಲಿ ಬೇಯಿಸೋ ಹೊಗೆಸೊಪ್ಪು ಸಿಗರೇಟಿಗೆ ಹೋಗುತ್ತೆ, ಅದರ ಕೆಡುಕು ಎಲ್ಲರ ಬಾಯಲ್ಲೂ ಇದೆ. ಆದರೆ ಹೆಂಗಸರ ಎಲೆ ಅಡಿಕೆ ಚೀಲದಲ್ಲಿರೋ ಹೊಗೆಸೊಪ್ಪಿನ ಕಡ್ಡಿಪುಡಿ ಯಾರ ಕಣ್ಣಿಗೂ ಬೀಳಲ್ಲ. ಹೊಗೆಸೊಪ್ಪು ಇಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರೋ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅಜ್ಜಿಯ ಹಲ್ಲು ಕೆಂಪೋ ಕಪ್ಪೋ ಇರಲಿ, ಅದು ಹಾಗೇ ಇರಲಿ ಬಿಡು. ಕೆನ್ನೆಯ ಒಳಗೆ, ನಾಲಿಗೆಯ ಪಕ್ಕದಲ್ಲಿ ಕೆರೆದರೂ ಹೋಗದ ಬಿಳಿ ಮಚ್ಚೆ ಇದೆಯಾ, ಎರಡು ವಾರವಾದರೂ ವಾಸಿಯಾಗದ ಹುಣ್ಣಿದೆಯಾ, ಮೊದಲಿನಷ್ಟು ಅಗಲ ಬಾಯಿ ತೆಗೆಯೋಕೆ ಆಗುತ್ತಾ, ಅದನ್ನ ಡಾಕ್ಟರಿಗೆ ತೋರಿಸು. ನೋವಿಲ್ಲ ಕಣೇ ಅಂತ ಅವಳು ಬರೋಕೆ ಒಪ್ಪಲ್ಲ. ಶುರುವಿನಲ್ಲಿ ನೋವಿರಲ್ಲ ಅನ್ನೋದನ್ನ ಹೇಳಿ, ನನ್ನ ಜೊತೆಗೆ ಬಾ ಅಂತ ಪುಸಲಾಯಿಸಿಯಾದರೂ ಬಸ್ಸು ಹತ್ತಿಸು. ನಿನ್ನ ಹಲ್ಲಿನ ಬಣ್ಣ ಒಂದು ತಿಂಗಳು ಕಾದರೂ ನಡೆಯುತ್ತೆ, ಅವಳ ಬಾಯಿ ತೋರಿಸೋದು ಕಾಯೋ ಕೆಲಸ ಅಲ್ಲ.